ಕೆಂಪು ಔಷಧಿ ಹಚ್ಚಿದ ಮೇಲೆ ನೀರುಗುಳ್ಳೆ: ಮೊದಲು ಅದನ್ನು ನಿಲ್ಲಿಸಿ
ಊರಿಂದ ಅಜ್ಜಿ ತಂದ ಮರ್ಕ್ಯುರೋಕ್ರೋಮ್ ಮೂರು ದಿನ ಹಚ್ಚಿದ ಮೇಲೆ ಮಗನ ಮೊಣಕಾಲಿನ ತರಚು ಗಾಯದ ಸುತ್ತ ತುರಿಕೆ, ನೀರುಗುಳ್ಳೆ ಎಂದಿದ್ದೀರಿ. ಬಹುತೇಕ ಇದು ಆ ಔಷಧಿಯದೇ ಅಲರ್ಜಿ. ಅದು ಪಾದರಸದ ಸಂಯುಕ್ತ. ಇಲ್ಲಿ ಡೊಂಬಿವಲಿಯಲ್ಲಿ ನನ್ನ ಮಗಳಿಗೂ ಹೀಗೇ ಆಗಿತ್ತು. ಸೋಂಕೂ ಇರಬಹುದು, ಕೆಂಪು ಬಣ್ಣದಡಿ ಅದು ಕಾಣುವುದಿಲ್ಲ.

ಹರಿಯುವ ನೀರು, ಸಾದಾ ಸೋಪಿನಿಂದ ಮೆಲ್ಲಗೆ ತೊಳೆಯಿರಿ. ಕಲೆ ಹೋಗಲೆಂದು ಉಜ್ಜಬೇಡಿ. ಅದರ ಮೇಲೆ ಅಯೋಡಿನ್ ಇರುವ ಬೆಟಾಡಿನ್ ಆಗಲಿ ಟಿಂಚರ್ ಆಗಲಿ ದಯವಿಟ್ಟು ಹಚ್ಚಬೇಡಿ: ಪಾದರಸ, ಅಯೋಡಿನ್ ಸೇರಿದರೆ ಚರ್ಮ ಇನ್ನಷ್ಟು ಕೆರಳುತ್ತದೆ. ಗುಳ್ಳೆ ಒಡೆಯದೆ ಶುಭ್ರವಾದ ಗಾಜ್ ಪಟ್ಟಿ ಕಟ್ಟಿ, ನಾಳೆಯೇ ಮಕ್ಕಳ ಡಾಕ್ಟರಿಗೆ ತೋರಿಸಿ, ಬಾಟಲಿಯನ್ನೂ ಒಯ್ಯಿರಿ. ಜ್ವರ, ಕೀವು, ಹರಡುವ ಬಾವು ಕಂಡರೆ ಇವತ್ತೇ ಹೋಗಿ. ಮುಖ ಊದಿದರೆ, ಉಸಿರಾಟ ಕಷ್ಟವಾದರೆ ತಕ್ಷಣ 108.

ಚಿಕ್ಕ ಗಾಯಕ್ಕೆ ಮೂರು ದಿನ ಹಚ್ಚಿದ್ದಕ್ಕೆ ಪಾದರಸದ ವಿಷವೇರುವ ಸಂಭವ ಕಡಿಮೆ. ದೊಡ್ಡ ಗಾಯಕ್ಕೋ ಹಸುಗೂಸಿಗೋ ಮತ್ತೆ ಮತ್ತೆ ಬಳಿದಾಗ ಪಾದರಸವನ್ನು ಮೈ ಹೀರಿಕೊಳ್ಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲೇ ಇದನ್ನು ಸುರಕ್ಷಿತ ಔಷಧಿಗಳ ಸಾಲಿನಿಂದ ಕೈಬಿಟ್ಟಿತು. ಅಜ್ಜಿಗೆ ಬೇಸರವಾಗದಂತೆ ಹೇಳಿ ಬಾಟಲಿ ಎತ್ತಿಡಿ. ಸಿಂಕಿಗೆ ಮಾತ್ರ ಸುರಿಯಬೇಡಿ.