ಹೂಳು ಮೊದಲು ಕಟ್ಟುವುದು ಸಣ್ಣ ಕಾಲುವೆಯಲ್ಲಿ

ಪ್ರಶ್ನೆ: ನನಗೆ 47 ವರ್ಷ, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ. ಐದು ವರ್ಷದಿಂದ ಶುಗರ್ ಇದೆ. ಒಂದು ವರ್ಷದಿಂದ ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ. ಡಾಕ್ಟರಿಗೆ ಹೇಳಿದರೆ ಹಾರ್ಟ್ ಚೆಕಪ್ ಮಾಡಿಸಿ ಎಂದರು. ಎದೆನೋವೇ ಇಲ್ಲದವನಿಗೆ ಅದೇಕೆ? ಗೆಳೆಯ ಒಂದು ಮಾತ್ರೆ ಕೊಟ್ಟಿದ್ದಾನೆ, ನುಂಗಬಹುದೇ?

ಉತ್ತರ: ಡಾಕ್ಟರು ಹೇಳಿದ್ದು ಸರಿ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಅಗಲ 3–4 ಮಿ.ಮೀ., ಶಿಶ್ನದ ನಾಳಗಳದ್ದು 1–2 ಮಿ.ಮೀ. ಒಳಪದರ ಮಾತ್ರ ಎರಡರಲ್ಲೂ ಒಂದೇ ಬಗೆಯದು. ನಿಮ್ಮೂರಿನ ಎಡದಂಡೆ ಕಾಲುವೆಯನ್ನೇ ನೋಡಿ: ಹೂಳು ತುಂಬಿದಾಗ ದೊಡ್ಡ ಕಾಲುವೆ ಹರಿಯುತ್ತಲೇ ಇರುತ್ತದೆ, ಹೊಲಗಾಲುವೆಗೆ ನೀರು ಬರುವುದು ನಿಂತಿರುತ್ತದೆ. ನಾಳದಲ್ಲಿ ಕೊಬ್ಬು ಕಟ್ಟುವುದಕ್ಕೂ ಮುಂಚೆ ಆ ಒಳಪದರ ನೈಟ್ರಿಕ್ ಆಕ್ಸೈಡ್ ತಯಾರಿಸುವುದು ಕಡಿಮೆಯಾಗುತ್ತದೆ. ಅದು ಸಾಲದಿದ್ದರೆ ನಾಳ ಸಡಿಲಗೊಂಡು ಹಿಗ್ಗುವುದಿಲ್ಲ. ಹೃದ್ರೋಗ ತಲೆದೋರುವುದಕ್ಕೆ ಎರಡರಿಂದ ಐದು ವರ್ಷ ಮೊದಲೇ ಈ ತೊಂದರೆ ಶುರುವಾಗಿರುವುದು ಎಷ್ಟೋ ಜನರಲ್ಲಿ ಕಂಡಿದೆ.

ಎದೆನೋವಿಲ್ಲ ಎಂಬ ಧೈರ್ಯ ಶುಗರ್ ಇದ್ದವರಿಗೆ ಬೇಡ. ನರಗಳು ಮಂದವಾಗಿದ್ದರೆ ಹೃದಯಾಘಾತವೇ ನೋವಿಲ್ಲದೆ ಆಗಬಹುದು. ಬಿಪಿ, ಎಚ್‌ಬಿಎ1ಸಿ (ಮೂರು ತಿಂಗಳ ಶುಗರ್ ಸರಾಸರಿ), ಕೊಲೆಸ್ಟ್ರಾಲ್, ಇಸಿಜಿ ಮಾಡಿಸಿ. ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬಂತೆಂದು ಅಲ್ಲಿಗೇ ಬಿಡಬೇಡಿ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ತೆಗೆಯುವ ಇಸಿಜಿ) ಬೇಕೇ ಎಂದು ಕೇಳಿ. ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್‌ಗೆ ರಕ್ತ ಕೊಡುವುದಾದರೆ ಬೆಳಗ್ಗೆಯೇ ಕೊಡಿ, ಮಧ್ಯಾಹ್ನದ ಹೊತ್ತಿಗೆ ಅದು ಇಳಿದಿರುತ್ತದೆ. ಬೆಳಗಿನ ಜಾವ ನಿದ್ದೆಯಲ್ಲಿ ತಾನಾಗಿ ನಿಮಿರುತ್ತದೆಯೇ ಎಂಬುದನ್ನೂ ಗಮನಿಸಿ ಹೇಳಿ. ನಿಮಿರುತ್ತಿದ್ದರೆ ಕಾರಣ ಮನಸ್ಸಿನಲ್ಲಿರುವ ಸಂಭವ ಹೆಚ್ಚು, ಇಲ್ಲದಿದ್ದರೆ ನಾಳ ಅಥವಾ ನರದಲ್ಲಿ.

ಗೆಳೆಯನ ಮಾತ್ರೆ ಬೇಡ. ನಿಮಿರುವಿಕೆಗೆ ನುಂಗುವ ಸಿಲ್ಡೆನಾಫಿಲ್ (ವಯಾಗ್ರ) ಹುಟ್ಟಿದ್ದೇ ಎದೆನೋವಿನ ಔಷಧಿಯಾಗಿ. ಆ ಕೆಲಸಕ್ಕೆ ಒದಗದೆ 1998ರಲ್ಲಿ ಈ ಕೆಲಸಕ್ಕೆ ಮಾರುಕಟ್ಟೆಗೆ ಬಂತು. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆಯೂ ಇದೂ ಒಂದೇ ದಾರಿಯಲ್ಲಿ ನಾಳ ಹಿಗ್ಗಿಸುತ್ತವೆ. ಎರಡೂ ಕೂಡಿದರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ಸಿಲ್ಡೆನಾಫಿಲ್ ನುಂಗಿದ ಮೇಲೆ 24 ಗಂಟೆ, ಅದೇ ಬಗೆಯ ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೂಡದು. ಹೃದಯದ ಪರೀಕ್ಷೆ ಮುಗಿಸಿ ಡಾಕ್ಟರೇ ಬರೆದುಕೊಟ್ಟರೆ ತೆಗೆದುಕೊಳ್ಳಿ. ಯಾವತ್ತಾದರೂ ಎದೆನೋವೆಂದು ಆಸ್ಪತ್ರೆಗೆ ಓಡಿದರೆ, ಮಾತ್ರೆ ನುಂಗಿದ್ದನ್ನು ನಾಚಿಕೆ ಬಿಟ್ಟು ಮೊದಲೇ ಹೇಳಿಬಿಡಿ.

ಪ್ರಶ್ನೆ: ಬಳ್ಳಾರಿಯಲ್ಲಿ ಎಂ.ಎಸ್ಸಿ ಓದುತ್ತಿದ್ದೇನೆ. ಡಾಕ್ಸೊರೂಬಿಸಿನ್ ಎಂಬ ಕ್ಯಾನ್ಸರ್ ಔಷಧ ಕೊಟ್ಟ ಇಲಿಗಳ ಹೃದಯ, ವೃಷಣ ಎರಡನ್ನೂ ಕೆಡದಂತೆ 10% ಫಾರ್ಮಲಿನ್‌ನಲ್ಲಿ ಇಟ್ಟಿದ್ದೆ. ವೃಷಣದ ಸ್ಲೈಡಿನಲ್ಲಿ ಕೊಳವೆಗಳ ಮಧ್ಯೆ ಬಿಳಿ ಖಾಲಿ ಜಾಗ ಕಾಣುತ್ತದೆ, ಔಷಧ ಕೊಡದ ಕಂಟ್ರೋಲ್ ಇಲಿಯಲ್ಲೂ! ಏಕೆ?

ಉತ್ತರ: ಕಂಟ್ರೋಲ್‌ನಲ್ಲೂ ಇದೆಯೆಂದರೆ ಅದು ಔಷಧದ ಹಾನಿಯಲ್ಲ, ಫಾರ್ಮಲಿನ್ ಮಾಡಿದ ಕುಗ್ಗುವಿಕೆ. ಹೃದಯಕ್ಕೆ ಫಾರ್ಮಲಿನ್ ಸಾಕು. ಒಳಗಿನ ರಕ್ತವನ್ನು ಸಲೈನ್‌ನಲ್ಲಿ ತೊಳೆದು, ಅಂಗಾಂಶದ ಕನಿಷ್ಠ ಹತ್ತು ಪಟ್ಟು ದ್ರವದಲ್ಲಿ ಮುಳುಗಿಸಿ. ವೃಷಣಕ್ಕೆ ಬುಆನ್ ದ್ರಾವಣ ಬೇಕು: ಸ್ಯಾಚುರೇಟೆಡ್ ಪಿಕ್ರಿಕ್ ಆಮ್ಲ 75 ಮಿ.ಲೀ., ಫಾರ್ಮಲಿನ್ 25, ಗ್ಲೇಸಿಯಲ್ ಅಸಿಟಿಕ್ ಆಮ್ಲ 5. ವೃಷಣದ ಬಿಳಿ ಹೊದಿಕೆ ಗಟ್ಟಿ, ದ್ರಾವಣ ಒಳಗಿಳಿಯುವುದಿಲ್ಲ. ಸೂಜಿಯಿಂದ ನಾಲ್ಕಾರು ಕಡೆ ಚುಚ್ಚಿ, ಕೆಲವು ಗಂಟೆ ಬಿಟ್ಟು ತುಸು ಗಟ್ಟಿಯಾದ ಮೇಲೆ ಅರ್ಧಕ್ಕೆ ಕೊಯ್ದು ಮತ್ತೆ ಅದರಲ್ಲೇ ಇಡಿ. ಒಟ್ಟು 24 ಗಂಟೆ ಕಳೆದ ಮೇಲೆ, ಹಳದಿ ಬಣ್ಣ ಹೋಗುವ ತನಕ 70% ಆಲ್ಕೋಹಾಲ್ ಬದಲಾಯಿಸುತ್ತಾ ಹೋಗಿ. ಒಣಗಿದ ಪಿಕ್ರಿಕ್ ಆಮ್ಲ ಸಿಡಿಯುತ್ತದೆ, ಬಾಟಲಿಯಲ್ಲಿ ಸದಾ ನೀರಿರಲಿ, ಮುಚ್ಚಳದ ಅಂಚಿನಲ್ಲಿ ಹರಳು ಕಂಡರೆ ತಿರುಗಿಸಲು ಹೋಗಬೇಡಿ.

ದಿನಗಳ ಲೆಕ್ಕವನ್ನೂ ನೋಡಿಕೊಳ್ಳಿ. ಇಲಿಯಲ್ಲಿ ವೀರ್ಯಾಣು ತಯಾರಾಗಲು 52ರಿಂದ 54 ದಿನ ಬೇಕು. ಎರಡು ವಾರಕ್ಕೇ ಪ್ರಯೋಗ ಮುಗಿಸಿದರೆ, ಎಪಿಡಿಡಿಮಿಸ್‌ನಲ್ಲಿ (ವೃಷಣಕ್ಕೆ ಅಂಟಿರುವ, ವೀರ್ಯಾಣು ಕೂಡಿಡುವ ನಾಳ) ಸಿಗುವ ವೀರ್ಯಾಣುಗಳಲ್ಲಿ ಬಹುಪಾಲು ಔಷಧಕ್ಕೂ ಮೊದಲು ಹುಟ್ಟಿದವು, ಎಣಿಕೆ ಚೆನ್ನಾಗಿಯೇ ಬರುತ್ತದೆ. ವೀರ್ಯಾಣುಗಳ ಮೂಲವಾದ ಕಾಂಡಕೋಶಗಳು ಉಳಿದಿದ್ದರೆ ವೃಷಣ ಮತ್ತೆ ಚೇತರಿಸಿಕೊಳ್ಳಬಹುದು. ಸತ್ತ ಹೃದಯ ಸ್ನಾಯುವಿನ ಜಾಗದಲ್ಲಿ ಗಾಯದ ನಾರೇ ಉಳಿಯುತ್ತದೆ. ಆ ನಾರನ್ನು ಮ್ಯಾಸನ್ ಟ್ರೈಕ್ರೋಮ್ ಎಂಬ ಬಣ್ಣ ಹಾಕಿದ ಸ್ಲೈಡಿನಲ್ಲಿ ನೀಲಿಯಾಗಿ ನೋಡಬಹುದು.

ವೀರ್ಯಾಣುವಿನ ಚಲನೆ ನೋಡುವಾಗ ಸಲೈನ್, ಸ್ಲೈಡು ಎರಡೂ 37 ಡಿಗ್ರಿಯಲ್ಲಿರಲಿ. ಎಸಿ ಕೋಣೆಯ ತಣ್ಣನೆ ಸ್ಲೈಡಿನ ಮೇಲೆ ಆರೋಗ್ಯವಾದ ವೀರ್ಯಾಣುವೂ ಮಂಕಾಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಕಿಟಕಿ ಪಕ್ಕ ಟ್ಯೂಬು ಇಟ್ಟರೆ ಉಲ್ಟಾ ಕಥೆ, ಬೆಂದೇ ಹೋಗುತ್ತದೆ.