ಗೆರೆ ಎಳೆಯುವ ಮೊದಲು ನೀರು ಎಲ್ಲಿದೆ ನೋಡಬೇಕು

ಪತ್ರದ ಸಾರ: “ಕಳೆದ ಸಂಚಿಕೆಯಲ್ಲಿ ನೀವು ಹಮಾಸನ್ನೂ ಬೈದಿರಿ, ಇಸ್ರೇಲನ್ನೂ ಬೈದಿರಿ. ಇದು ಜಾರಿಕೊಳ್ಳುವ ಮಾತು. ತಪ್ಪು ಯಾರದ್ದು, ಒಂದೇ ಮಾತಿನಲ್ಲಿ ಹೇಳಿ. 1947ರಲ್ಲಿ ಅರಬರು ವಿಭಜನೆಗೆ ಒಪ್ಪಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಈಗಲಾದರೂ ನಡುವೆ ಒಂದು ಗೆರೆ ಎಳೆದು ಮುಗಿಸಬಾರದೇ? ನನ್ನ ಅಕ್ಕ ಅಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾಳೆ. ಅಲ್ಲಿ ಸೈರನ್ ಕೂಗಿದರೆ ಇಲ್ಲಿ ನಮಗೆ ನಿದ್ದೆ ಇಲ್ಲ.” – ಉಡುಪಿ ಜಿಲ್ಲೆಯ ಓದುಗರು

ಸಂಪಾದಕರ ಉತ್ತರ:

ನಿಮ್ಮ ಅಕ್ಕನಂತೆ ಕರಾವಳಿಯ ಅನೇಕರು ಇಸ್ರೇಲಿನ ಮನೆಗಳಲ್ಲಿ ಹಿರಿಯರನ್ನು ನೋಡಿಕೊಳ್ಳುತ್ತಿದ್ದಾರೆ. ಅವರ ಕ್ಷೇಮದ ಚಿಂತೆ ನಮ್ಮದೂ ಹೌದು. ಆದರೆ ಒಂದೇ ಮಾತಿನಲ್ಲಿ ಉತ್ತರಿಸಲಾರೆವು, ಏಕೆಂದರೆ ನೀವು ಕೇಳಿರುವ ಪ್ರಶ್ನೆ ಒಂದಲ್ಲ, ಎರಡು. ಯಾರ ಬೇಡಿಕೆ ನ್ಯಾಯವಾದುದು ಎಂಬುದು ಒಂದು. ಆ ಬೇಡಿಕೆಗಾಗಿ ಹಿಡಿದ ದಾರಿ ನ್ಯಾಯವಾದುದೇ ಎಂಬುದು ಇನ್ನೊಂದು. ಯುದ್ಧದ ಕಾನೂನು ಇವೆರಡನ್ನೂ ಬೇಕೆಂದೇ ಬೇರೆಬೇರೆಯಾಗಿ ಇಟ್ಟಿದೆ. ಮೊದಲನೆಯದರಲ್ಲಿ ಗೆದ್ದವರಿಗೆ ಎರಡನೆಯದರಲ್ಲಿ ರಿಯಾಯಿತಿ ಸಿಗುವಂತಿದ್ದರೆ, ನ್ಯಾಯ ತನ್ನ ಕಡೆಗಿದೆ ಎಂದು ನಂಬಿದ ಯಾರು ಬೇಕಾದರೂ ಮಕ್ಕಳ ಮೇಲೆ ಕೈಮಾಡಬಹುದಿತ್ತು.

2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜತೆಗಿದ್ದವರು ಸುಮಾರು 1,200 ಜನರನ್ನು ಕೊಂದರು, 251 ಜನರನ್ನು ಒತ್ತೆಯಾಗಿ ಒಯ್ದರು. ಸತ್ತವರಲ್ಲಿ ಹೆಚ್ಚಿನವರು ನಾಗರಿಕರು. ಗಾಜಾದ ದಿಗ್ಬಂಧನ ಎಷ್ಟೇ ಕ್ರೂರವಾಗಿದ್ದರೂ, ಒತ್ತೆಯಾಳು ಹಿಡಿಯುವುದಕ್ಕೆ 1949ರ ಜಿನೀವಾ ಒಪ್ಪಂದಗಳಲ್ಲಿ ವಿನಾಯಿತಿ ಇಲ್ಲ. ಹಾಗೆಯೇ ಹಮಾಸ್ ಜನವಸತಿಯ ನಡುವೆ ಅಡಗಿದರೆ ಅದು ಹಮಾಸಿನ ಅಪರಾಧ, ಆದರೆ ಅದರಿಂದ ಬಾಂಬು ಹಾಕುವವರ ಹೊಣೆ ಇಳಿಯುವುದಿಲ್ಲ. ಪ್ರತಿ ದಾಳಿಗೂ ಮೂರು ಪ್ರಶ್ನೆ ಕೇಳಬೇಕು. ಗುರಿ ನಿಜಕ್ಕೂ ಸೈನಿಕ ಗುರಿಯೇ? ನಾಗರಿಕರಿಗೆ ಆಗುವ ಹಾನಿ, ಅದರಿಂದ ಸಿಗುವ ಸೈನಿಕ ಲಾಭಕ್ಕಿಂತ ವಿಪರೀತವೇ? ಹಾನಿ ತಗ್ಗಿಸಲು ಸಾಧ್ಯವಿದ್ದದ್ದನ್ನೆಲ್ಲ ಮಾಡಲಾಯಿತೇ? ಎರಡನೆಯದನ್ನು ಬಹಳ ಜನ ತಪ್ಪಾಗಿ ತಿಳಿಯುತ್ತಾರೆ. ಅದು ಎರಡೂ ಕಡೆ ಸತ್ತವರ ಲೆಕ್ಕ ಹೋಲಿಸುವುದಲ್ಲ, ಒಂದೊಂದು ದಾಳಿಯನ್ನೂ ಪ್ರತ್ಯೇಕವಾಗಿ ತೂಗುವುದು. ಜನರನ್ನು ಹಸಿವಿಗೆ ದೂಡುವುದಕ್ಕಂತೂ ಈ ತೂಕವೂ ಇಲ್ಲ, ಅದು ಪೂರ್ತಿ ನಿಷಿದ್ಧ. 2025ರ ಮಾರ್ಚ್ 2ರಿಂದ ಸುಮಾರು 11 ವಾರ ಗಾಜಾದೊಳಗೆ ಆಹಾರವನ್ನೂ ಬಿಡದ ಇಸ್ರೇಲಿನ ತೀರ್ಮಾನವನ್ನು ಯಾವ ಆತ್ಮರಕ್ಷಣೆಯ ವಾದವೂ ಸಮರ್ಥಿಸಲಾರದು. ಎರಡನ್ನೂ ಖಂಡಿಸಿದ್ದು ಇದಕ್ಕಾಗಿ. ಇದರಲ್ಲಿ ಜಾರಿಕೊಂಡದ್ದು ಏನಿದೆ?

1947ರ ಮಾತು. ಬ್ರಿಟಿಷರ ಆಡಳಿತದಲ್ಲಿದ್ದ ಪ್ಯಾಲೆಸ್ತೀನನ್ನು ಯಹೂದಿ, ಅರಬ್ ಎಂದು ಎರಡು ರಾಜ್ಯ ಮಾಡುವ ವಿಶ್ವಸಂಸ್ಥೆಯ ಯೋಜನೆ ಯಹೂದಿ ರಾಜ್ಯಕ್ಕೆ ಸುಮಾರು ಶೇ 55ರಷ್ಟು ನೆಲ ಕೊಟ್ಟಿತ್ತು. ಆಗ ಯಹೂದಿಗಳು ಒಟ್ಟು ಜನಸಂಖ್ಯೆಯ ಮೂರನೇ ಒಂದು ಭಾಗ. ಆ ಯಹೂದಿ ರಾಜ್ಯದೊಳಗೇ ಸುಮಾರು 5 ಲಕ್ಷ ಯಹೂದಿಗಳ ಜತೆ 4 ಲಕ್ಷ ಅರಬರು ಉಳಿಯುತ್ತಿದ್ದರು. ಒಪ್ಪಿದ್ದರೆ ಒಳ್ಳೆಯದಾಗುತ್ತಿತ್ತು ಎಂದು ಇಂದು ಹೇಳಬಹುದು, ಆದರೆ ಒಪ್ಪದಿದ್ದದ್ದು ಬರೀ ಹಟವಲ್ಲ. ಇದಕ್ಕಾಗಿ ವಿಶ್ವಸಂಸ್ಥೆ ನೇಮಿಸಿದ್ದ 11 ದೇಶಗಳ ಸಮಿತಿಯಲ್ಲಿ ಭಾರತ, ಇರಾನ್, ಯುಗೋಸ್ಲಾವಿಯಾ ಮೂರೂ ವಿಭಜನೆ ಬೇಡ, ಒಕ್ಕೂಟ ಇರಲಿ ಎಂದಿದ್ದವು. ವಿಭಜನೆಯ ಗಾಯ ಆಗಷ್ಟೇ ತಿಂದಿದ್ದ ಭಾರತ ನವೆಂಬರ್ 29ರ ಮತದಾನದಲ್ಲಿ ಅದರ ವಿರುದ್ಧ ಕೈ ಎತ್ತಿತು.

ಇನ್ನು ಗೆರೆ. ಕಾಗದದ ಮೇಲೆ ಅದು ಇದೆ, 1949ರ ಕದನವಿರಾಮದ ‘ಹಸಿರು ಗೆರೆ’. ತೊಡಕಿರುವುದು ಅದರ ಪೂರ್ವಕ್ಕೆ, 1967ರಿಂದ ಇಸ್ರೇಲ್ ಹಿಡಿತದಲ್ಲಿರುವ, ಜೋರ್ಡಾನ್ ನದಿಯ ಪಶ್ಚಿಮ ದಂಡೆಯಲ್ಲಿ. ಇಸ್ರೇಲ್ ಮತ್ತು ಪ್ಯಾಲೆಸ್ತೀನ್ ನಾಯಕರು ಮಾಡಿಕೊಂಡ 1995ರ ಎರಡನೇ ಓಸ್ಲೋ ಒಪ್ಪಂದ ಈ ದಂಡೆಯನ್ನು ಎ, ಬಿ, ಸಿ ಎಂದು ಮೂರು ಮಾಡಿತು. ಎ ಸುಮಾರು ಶೇ 18, ಪಟ್ಟಣಗಳು, ಪ್ಯಾಲೆಸ್ತೀನ್ ಆಡಳಿತ. ಬಿ ಸುಮಾರು ಶೇ 22, ಆಡಳಿತ ಪ್ಯಾಲೆಸ್ತೀನರದ್ದು, ಭದ್ರತೆಯಲ್ಲಿ ಕೊನೆಯ ಮಾತು ಇಸ್ರೇಲಿನದ್ದು. ಉಳಿದ ಶೇ 60 ಸಿ, ಪೂರ್ತಿ ಇಸ್ರೇಲ್ ಸೇನೆಯ ಕೈಯಲ್ಲಿ. ಎ ಮತ್ತು ಬಿ ನೂರಕ್ಕೂ ಹೆಚ್ಚು ತುಂಡುಗಳಾಗಿ ಸಿ ಎಂಬ ಸಮುದ್ರದಲ್ಲಿ ತೇಲುತ್ತಿವೆ. ಇದೆಲ್ಲ 1999ರವರೆಗಿನ ಮಧ್ಯಂತರ ಏರ್ಪಾಡು ಎಂದು ಬರೆದದ್ದು. ಇಂದಿಗೂ ಅದೇ ನಡೆಯುತ್ತಿದೆ.

ಸಿ ವಲಯದ ಪ್ಯಾಲೆಸ್ತೀನ್ ರೈತ ದನದ ಕೊಟ್ಟಿಗೆಗೂ, ಮಳೆನೀರಿನ ತೊಟ್ಟಿಗೂ ಸೇನೆಯ ಆಡಳಿತದಿಂದ ಪರವಾನಗಿ ತರಬೇಕು. ಬಹುಪಾಲು ಅರ್ಜಿಗಳು ತಿರಸ್ಕೃತವಾಗುತ್ತವೆ. ಕೇಳದೆ ಕಟ್ಟಿದರೆ ಬುಲ್ಡೋಜರ್ ಬರುತ್ತದೆ. ಅದೇ ವಲಯದಲ್ಲಿ ಇಸ್ರೇಲಿಗಳು ಕಟ್ಟಿಕೊಂಡ ಊರುಗಳಲ್ಲಿ, ಅಂದರೆ ವಸಾಹತುಗಳಲ್ಲಿ, ಪೂರ್ವ ಜೆರುಸಲೇಮನ್ನು ಬಿಟ್ಟು, ಈಗ ಸುಮಾರು 5 ಲಕ್ಷ ಇಸ್ರೇಲಿಗಳಿದ್ದಾರೆ. 1993ರಲ್ಲಿ ಅವರು ಒಂದು ಲಕ್ಷದ ಆಸುಪಾಸು ಇದ್ದರು.

ನೀರು ಇನ್ನೂ ಕಠಿಣ. ಮಳೆ ಬೀಳುವುದು ಪಶ್ಚಿಮ ದಂಡೆಯ ಬೆಟ್ಟಗಳ ಮೇಲೆ. ಅಂತರ್ಜಲದ ದೊಡ್ಡ ಪಾಲು ಹರಿಯುವುದು ಗೆರೆ ದಾಟಿ ಪಶ್ಚಿಮಕ್ಕೆ, ಇಸ್ರೇಲಿನತ್ತ. ಆ ಪಶ್ಚಿಮ ಜಲಪದರದಲ್ಲಿ 1995ರ ಒಪ್ಪಂದ ವರ್ಷಕ್ಕೆ ಇಸ್ರೇಲಿಗೆ ಬರೆದದ್ದು 34 ಕೋಟಿ ಘನ ಮೀಟರ್, ಪ್ಯಾಲೆಸ್ತೀನರಿಗೆ 2.2 ಕೋಟಿ. ಆ ಬೆಟ್ಟಗಳ ಕೆಳಗಿನ ಮೂರೂ ಜಲಪದರ ಸೇರಿಸಿದರೆ 48.3 ಕೋಟಿಗೆ 11.8 ಕೋಟಿ. ಮುಂದೆ ಮುಖ್ಯವಾಗಿ ಪೂರ್ವದ ಪದರದಿಂದ ಇನ್ನಷ್ಟು ಕೊಡುವ ಮಾತೂ ಇತ್ತು. ಆದರೆ ಹೊಸ ಕೊಳವೆಬಾವಿಗೆ ಜಂಟಿ ಜಲ ಸಮಿತಿಯಲ್ಲಿ ಎರಡೂ ಕಡೆಯವರು ಒಪ್ಪಬೇಕು, ಜಾಗ ಸಿ ವಲಯದಲ್ಲಿದ್ದರೆ ಸೇನೆಯ ಪರವಾನಗಿಯೂ ಬೇಕು. ಎರಡು ಬೀಗ, ಎರಡಕ್ಕೂ ಇಸ್ರೇಲಿನ ಕೀಲಿ ಬೇಕೇ ಬೇಕು.

ಶೇಕಡಾ ಲೆಕ್ಕದ ಸಂಧಾನಗಳು ಬಿದ್ದುಹೋಗಲು ಇದೂ ಒಂದು ಕಾರಣ. 2000ದ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಪ್ಯಾಲೆಸ್ತೀನ್ ದೇಶಕ್ಕೆ ಸೂಚಿಸಿದ್ದು ಪಶ್ಚಿಮ ದಂಡೆಯ ಶೇ 94ರಿಂದ 96, ಜತೆಗೆ ಒಂದಿಷ್ಟು ನೆಲದ ಅದಲುಬದಲು. ಕೇಳಲು ಉದಾರ. ಆದರೆ ಏರಿಯಲ್ ಎಂಬ ವಸಾಹತು ಗೆರೆಯಿಂದ 15 ಕಿ.ಮೀ.ಗೂ ಹೆಚ್ಚು ಒಳಗಿದೆ. ಅದನ್ನೂ ಅದರ ರಸ್ತೆಯನ್ನೂ ಇಸ್ರೇಲ್ ಇಟ್ಟುಕೊಂಡರೆ ಪ್ಯಾಲೆಸ್ತೀನಿನ ಹೊಟ್ಟೆಗೆ ಬೆರಳು ತೂರಿಸಿದಂತೆ. ಎಷ್ಟು ಎಕರೆ ಎನ್ನುವುದಕ್ಕಿಂತ ಯಾವ ಎಕರೆ ಎನ್ನುವುದೇ ಮುಖ್ಯ. 2025ರ ಆಗಸ್ಟಿನಲ್ಲಿ ಇಸ್ರೇಲ್ ಮಂಜೂರು ಮಾಡಿದ ‘ಇ-1’ ವಸಾಹತು ಯೋಜನೆಯ ಸುಮಾರು 3,400 ಮನೆಗಳು ನಿಂತರೆ ಪೂರ್ವ ಜೆರುಸಲೇಮ್ ಸುತ್ತಲಿನ ಪ್ಯಾಲೆಸ್ತೀನ್ ಊರುಗಳಿಂದ ಕಡಿದುಹೋಗುತ್ತದೆ. ಜೆರುಸಲೇಮಿನ ಉತ್ತರದ ರಮಲ್ಲಾದಿಂದ ದಕ್ಷಿಣದ ಬೆತ್ಲೆಹೆಮ್‌ಗೆ ನೇರ ದಾರಿಯೂ ಉಳಿಯದು.

ಹಾಗಾದರೆ ಎಲ್ಲರಿಗೂ ಸಮಾನ ಮತವಿರುವ ಒಂದೇ ದೇಶವೇ? ಜೋರ್ಡಾನ್ ನದಿಗೂ ಮೆಡಿಟರೇನಿಯನ್ ಸಮುದ್ರಕ್ಕೂ ನಡುವೆ ಯಹೂದಿಗಳು ಸುಮಾರು 70 ಲಕ್ಷ, ಪ್ಯಾಲೆಸ್ತೀನರೂ ಹೆಚ್ಚುಕಡಿಮೆ ಅಷ್ಟೇ. ತತ್ವವಾಗಿ ಅದನ್ನು ಅಲ್ಲಗಳೆಯಲಾರೆವು. ಆದರೆ ಎರಡೂ ಕಡೆ ಬಹುಮತ ಅದನ್ನು ಬಯಸುವುದಿಲ್ಲ, ಒಪ್ಪದ ಮನೆಯಲ್ಲಿ ಇಬ್ಬರನ್ನು ಕೂಡಿಹಾಕುವುದು ಕಷ್ಟ. ನಮ್ಮ ಒಲವು ಇನ್ನೂ ಎರಡು ದೇಶಗಳ ಕಡೆಗೇ. 2025ರ ಸೆಪ್ಟೆಂಬರ್ 12ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಭಾರತವೂ ಸೇರಿ 142 ದೇಶಗಳು ಮತ ಹಾಕಿದ್ದು ಅದಕ್ಕೇ.

ಆದರೆ ಗೆರೆಯಿಂದ ಶುರು ಮಾಡಬೇಡಿ. ಮೊದಲು ವಸಾಹತು ಕಟ್ಟುವುದು ನಿಲ್ಲಲಿ. ಸಿ ವಲಯದಲ್ಲಿ ಮನೆ, ಬಾವಿಗೆ ಅನುಮತಿ ಕೊಡುವ ಅಧಿಕಾರ ಪ್ಯಾಲೆಸ್ತೀನ್ ಊರುಗಳಿಗೆ ಸಿಗಲಿ. ಅತ್ತ ಗಾಜಾವನ್ನು ಆಳುವವರ ಕೈಯಲ್ಲಿ ರಾಕೆಟ್ ಇರದಿರಲಿ, ನಿಮ್ಮ ಅಕ್ಕ ನೋಡಿಕೊಳ್ಳುವ ಹಿರಿಯರಿಗೂ ರಾತ್ರಿ ಭಯವಿಲ್ಲದೆ ಮಲಗುವ ಹಕ್ಕಿದೆ. ನೀರಿನ ಪಟ್ಟಿಯನ್ನು ಹೊಸದಾಗಿ ಬರೆಯಲಿ. ಇಸ್ರೇಲಿನ ಸೊರೆಕ್‌ನಲ್ಲಿ 2013ರಲ್ಲಿ ಶುರುವಾದ ಸ್ಥಾವರವೊಂದೇ ಸಮುದ್ರದ ನೀರನ್ನು ಸಿಹಿ ಮಾಡಿ ವರ್ಷಕ್ಕೆ 15 ಕೋಟಿ ಘನ ಮೀಟರ್ ಕೊಡಬಲ್ಲದು. 1995ರ ಪಟ್ಟಿಯಲ್ಲಿ ಪ್ಯಾಲೆಸ್ತೀನರ ಹೆಸರಿಗಿದ್ದ ಅಷ್ಟೂ ನೀರಿಗಿಂತ ಅದು ಹೆಚ್ಚು.