ನಾಲ್ಕು ವರ್ಷದ ಮಗಳಿಗೆ ಮಾಸ್ಕ್ ಹಾಕಲೇಬೇಕಾ?

ಬೇಡ. ಮಳೆ ಹಿಡಿದು ಶೀತ-ಕೆಮ್ಮು ಶುರುವಾಗಿದೆ, ಮಗಳನ್ನು ಮಾಸ್ಕ್ ಹಾಕಿಯೇ ಅಂಗನವಾಡಿಗೆ ಕಳಿಸಬೇಕಾ ಎಂದು ಕೇಳಿದ್ದೀರಿ. ಕೋವಿಡ್ ಕಾಲದಲ್ಲೂ ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಕಡ್ಡಾಯ ಬೇಡ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರಲ್ಲಿ ಹೇಳಿದ್ದವು. 2021ರಲ್ಲಿ ನಮ್ಮ ಕೇಂದ್ರ ಸರ್ಕಾರದ ಸೂಚನೆಯೂ ಅದೇ ಇತ್ತು.

ಯಾಕೆಂದರೆ ಮಾಸ್ಕ್ ಮೂಗು-ಬಾಯಿಗೆ ಸರಿಯಾಗಿ ಕೂತು, ಒಣಗಿದ್ದರೆ ಮಾತ್ರ ಉಪಯೋಗ. ಈ ವಯಸ್ಸಿನ ಮಗು ಅದನ್ನು ಗಲ್ಲಕ್ಕೆ ಎಳೆಯುತ್ತದೆ, ದಾರ ಚೀಪುತ್ತದೆ, ಸಿಂಬಳದ ಕೈಯಲ್ಲೇ ಮತ್ತೆ ಮೇಲಕ್ಕೆ ಸರಿಸುತ್ತದೆ. ಅರ್ಧ ಗಂಟೆಯಲ್ಲಿ ಬಟ್ಟೆ ಒದ್ದೆ. ಒದ್ದೆ ಬಟ್ಟೆಯಲ್ಲಿ ಗಾಳಿ ಸರಾಗವಾಗಿ ಆಡುವುದಿಲ್ಲ, ಉಸಿರಾಟ ಕಷ್ಟವಾಗುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢದಲ್ಲಿ ಬಚ್ಚಲ ಒಲೆಯ ಮೇಲೆ ಹರವಿದ ಬಟ್ಟೆಯೇ ಒಣಗುವುದಿಲ್ಲ, ಇನ್ನು ದಿನಕ್ಕೆ ನಾಲ್ಕು ಮಾಸ್ಕ್ ಒಣಗಿಸುವುದು ಹೇಗೆ! ಎರಡು ವರ್ಷದೊಳಗಿನ ಕೂಸಿಗಂತೂ ಹಾಕಲೇಬೇಡಿ. ಉಸಿರು ಕಟ್ಟಿದರೆ ತಾನೇ ಕಿತ್ತುಹಾಕಲು ಅದಕ್ಕೆ ಬರುವುದಿಲ್ಲ.

ಆರರಿಂದ ಹನ್ನೊಂದರ ಮಕ್ಕಳಿಗೆ ಸೋಂಕು ಜೋರಾಗಿದ್ದಾಗ, ದೊಡ್ಡವರ ಕಣ್ಗಾವಲಿನಲ್ಲಿ ಹಾಕಬಹುದು. ಕ್ಯಾನ್ಸರ್ ಚಿಕಿತ್ಸೆಯಂಥ ಕಾರಣಕ್ಕೆ ವೈದ್ಯರೇ ಹೇಳಿದ್ದರೆ ಆ ಮಾತು ಬೇರೆ.

ನಿಮ್ಮ ಮಗಳಿಗೆ ಹೆಚ್ಚು ರಕ್ಷಣೆ ಸಿಗುವುದು ಕೆಮ್ಮುವ ದೊಡ್ಡವರು ಮಾಸ್ಕ್ ಹಾಕಿದರೆ, ಮಳೆಯಿದ್ದರೂ ಒಂದು ಕಿಟಕಿ ತೆರೆದಿಟ್ಟರೆ. ಜ್ವರ ಬಂದ ದಿನ ಮನೆಯಲ್ಲೇ ಇರಲಿ. ಉಸಿರು ಜೋರಾಗಿ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.